ಭಾನುವಾರದ ಒಂಬತ್ತು ಗಂಟೆ

ಆ ಪ್ರಯೋಗಶಾಲೆಯ ಗೋಡೆಯ ಮೇಲೆ ಗಡಿಯಾರ ಇರಲಿಲ್ಲ ಎಂದಲ್ಲ, ಎರಡಿದ್ದವು. ಒಂದು ನಾಲ್ಕು ನಿಮಿಷ ಮುಂದೆ, ಇನ್ನೊಂದು ಆರು ನಿಮಿಷ ಹಿಂದೆ. ಹಾಗಾಗಿ ಅಲ್ಲಿನವರು ಹೊತ್ತು ತಿಳಿಯಲು ಗೋಡೆ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದರು. ಊಟದ ಡಬ್ಬಿಯ ಚೀಲವನ್ನು ಮೊಳೆಗೆ ಸಿಕ್ಕಿಸಿ, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಗಡಿಯಾರಮ್ಮ ಒಳಗೆ ಬಂದರೆಂದರೆ ಎಂಟೂ ಮುಕ್ಕಾಲು. ಮಳೆಯಿರಲಿ, ಬಸ್ಸು ಕೆಟ್ಟಿರಲಿ, ಎಂಟೂ ಮುಕ್ಕಾಲು.

ಸಂಬಳದ ಚೀಟಿಯಲ್ಲಿ ಅವರಿಗೆ ಬೇರೊಂದು ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದು ಅನುಮಾನ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಕಟ್ಟಡಕ್ಕೆ ಗಾಜಿನ ಸಾಮಾನು ತೊಳೆಯಲು ಬಂದವರು. ಶಾಲೆಯಲ್ಲಿ ವಿಜ್ಞಾನಕ್ಕೆ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಪರೀಕ್ಷೆಗೆ ಕೂರುವ ಬದಲು ಒಬ್ಬ ಬಡಗಿಯನ್ನು ಮದುವೆಯಾಗಿ ಆ ತಂಟೆಯೇ ಬೇಡವೆಂದು ಕೈತೊಳೆದುಕೊಂಡವರು. ಒಂದು ದಿನ ತುಂಬಿದ ನಲವತ್ತು ಲೋಟಗಳ ತಟ್ಟೆಯೊಂದನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ದೊಡ್ಡ ಮೇಡಂ ಎದುರಾದರು. ಆಗಿನ್ನೂ ಅವರು ದೊಡ್ಡವರಾಗಿರಲಿಲ್ಲ, ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ನಿಂತು ನೋಡಿ, "ಒಂದು ಹನಿ ಚೆಲ್ಲಲಿಲ್ವಲ್ರೀ! ನಾಳೆಯಿಂದ ನನ್ನ ಜೊತೆ ಬನ್ನಿ" ಎಂದರು. ಅಲ್ಲಿಗೆ ತೊಳೆಯುವ ಮನೆಯ ಋಣ ತೀರಿತು.

ಕೋಶಗಳನ್ನು ಸಾಕುವುದು ಕೈಗೂಸನ್ನು ಸಾಕಿದ ಹಾಗೆಯೇ. ಆದರೆ ಕೂಸು ಅತ್ತು ಹೇಳುತ್ತದೆ, ಇವು ಸತ್ತು ಹೇಳುತ್ತವೆ. ಅಂಗೈಯಗಲದ ಪ್ಲಾಸ್ಟಿಕ್ ಡಿಶ್, ತಳದಲ್ಲಿ ಬರಿಗಣ್ಣಿಗೆ ಕಾಣದ ಲಕ್ಷಾಂತರ ಕೋಶಗಳು, ಅವುಗಳ ಮೇಲೆ ಗುಲಾಬಿ ಬಣ್ಣದ ಆಹಾರದ ನೀರು. ತಿಂದುಂಡ ಮೇಲೆ ನೀರು ಹಳದಿಗೆ ತಿರುಗುತ್ತದೆ. ಹಳೆಯದನ್ನು ಹೀರಿ ತೆಗೆಯಬೇಕು, ಹೊಸದನ್ನು ಡಿಶ್ಶಿನ ಅಂಚಿನ ಗುಂಟ ಇಳಿಬಿಡಬೇಕು. ನೇರವಾಗಿ ಸುರಿದರೆ ಕೋಶಗಳು ಕಿತ್ತು ಬರುತ್ತವೆ. ಈ ಕೆಲಸಕ್ಕೆ ರಜೆಯಿಲ್ಲ, ಭಾನುವಾರ ಬಂತೆಂದು ಕೋಶಗಳಿಗೆ ತಿಳಿಯುವುದಿಲ್ಲ. ಪ್ರತಿ ಭಾನುವಾರ ಇಡೀ ಕಟ್ಟಡ ಭಣಗುಡುತ್ತಿರುವಾಗ ಗಡಿಯಾರಮ್ಮ ತಮ್ಮದೇ ಬೀಗದ ಕೈಯಿಂದ ಹಿಂಬಾಗಿಲು ತೆಗೆದು ಬಂದು, ಒಬ್ಬರೇ ಎಲ್ಲಕ್ಕೂ ಉಣಿಸಿ ಹೋಗುತ್ತಿದ್ದರು.

ದೊಡ್ಡ ಮೇಡಂ ಗುಂಪಿನದು ಹೃದಯದ ಕೆಲಸ. ಒಬ್ಬರ ತೋಳಿನಿಂದ ಚೂರು ಚರ್ಮ ತೆಗೆದು, ಅದರ ಕೋಶಗಳನ್ನು ಹಿಂದಕ್ಕೆ ನಡೆಸಿ, ಇನ್ನೂ ಏನೂ ಆಗಿಲ್ಲದ, ಏನು ಬೇಕಾದರೂ ಆಗಬಲ್ಲ ಎಳೆ ಕೋಶಗಳನ್ನಾಗಿ ಮಾಡುತ್ತಿದ್ದರು. ಆಮೇಲೆ ಅವನ್ನು ಹೃದಯದ ಸ್ನಾಯುವಿನ ದಾರಿಗೆ ತಿರುಗಿಸುವುದು. ಅದಕ್ಕೆ ಎರಡು ಮದ್ದು. ಮೊದಲನೆಯದು ಕೋಶಗಳನ್ನು ಎಬ್ಬಿಸುತ್ತದೆ. ಸರಿಯಾಗಿ ನಲವತ್ತೆಂಟು ಗಂಟೆಯ ಮೇಲೆ ಹಾಕುವ ಎರಡನೆಯದು, ಎದ್ದದ್ದು ಸಾಕು, ಇನ್ನು ದಾರಿ ಹಿಡಿಯಿರಿ ಎನ್ನುತ್ತದೆ. ಎಲ್ಲವೂ ನೆಟ್ಟಗಿದ್ದರೆ ಹತ್ತನೆಯ ದಿನದ ಹೊತ್ತಿಗೆ ಡಿಶ್ಶಿನ ತಳದಲ್ಲಿ ಕೋಶಗಳು ಬಡಿಯತೊಡಗುತ್ತವೆ.

ಮೊದಲ ಸಲ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ ಗಡಿಯಾರಮ್ಮ, "ಮೇಡಂ, ಇದಕ್ಕೆ ಜೀವ ಇದೆ!" ಎಂದು ಕೂಗಿಕೊಂಡಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಷ್ಟು ದಿನ ಹೊತ್ತುಹೊತ್ತಿಗೆ ಉಣಿಸಿದ್ದು ಮತ್ತೆ ಯಾತಕ್ಕೆ? ಅವತ್ತು ಮನೆಗೆ ಹೋಗಿ, ಕುರ್ಚಿಯಲ್ಲಿ ಕೂತಿದ್ದ ಗಂಡನ ಎದೆಗೆ ಕಿವಿಯಿಟ್ಟರು. "ಏನೇ ಇದು, ಈ ವಯಸ್ಸಲ್ಲಿ?" ಎಂದು ಬಡಗಿ ಗಾಬರಿಯಾದರು. "ಸುಮ್ನಿರಿ, ಕೇಳ್ತಾ ಇದೀನಿ" ಎಂದರು ಇವರು.

ನಮ್ಮ ಕಥೆ ನಡೆದದ್ದು ಮರಿ ಡಾಕ್ಟರಿನ ಕಾಲದಲ್ಲಿ. ಮರಿ ಡಾಕ್ಟರ್ ಎಂದರೆ ಐದನೆಯ ವರ್ಷದ ಸಂಶೋಧನೆಯಲ್ಲಿದ್ದ ಹುಡುಗಿ. ಡಾಕ್ಟರೇಟು ಇನ್ನೂ ಕೈಗೆ ಬಂದಿರಲಿಲ್ಲ, ಹೆಸರಷ್ಟೇ ಮುಂಗಡವಾಗಿ ಬಂದಿತ್ತು. ಗಡಿಯಾರಮ್ಮನನ್ನು 'ಅಮ್ಮ' ಎನ್ನುತ್ತಿದ್ದಳು, ಅವರ ಡಬ್ಬಿಯಿಂದ ಕೇಳದೆ ಕೈಹಾಕುತ್ತಿದ್ದಳು, ತನ್ನ ವಿಷಯವನ್ನು ಅವರಿಗೆ ಅರ್ಥವಾಗುವ ತನಕ ಬಿಡದೆ ಹೇಳುತ್ತಿದ್ದಳು.

"ನೋಡಿ ಅಮ್ಮ, ಎರಡು ಪ್ರೋಟೀನ್ ಇವೆ. ಒಂದೊಂದೇ ಇದ್ರೆ ಕೆಲಸಕ್ಕೆ ಬಾರವು. ಎರಡೂ ಒಂದನ್ನೊಂದು ಹಿಡ್ಕೊಂಡು ಜೀನ್ ಮೇಲೆ ಕೂತ್ರೆ ಮಾತ್ರ ಹೃದಯದ ಕೆಲಸ ಶುರು ಆಗೋದು."

"ಅವಕ್ಕೆ ಹೆಸರಿಲ್ವಾ?"

ಮರಿ ಡಾಕ್ಟರ್ ಹೇಳಿದಳು. ಎರಡೂ ಹೆಸರು ಅಕ್ಷರ, ಅಂಕಿ ಕೂಡಿಸಿ ವಾಹನಗಳ ನಂಬರಿನ ಹಾಗಿದ್ದವು. ಗಡಿಯಾರಮ್ಮ ಮೂಗು ಮುರಿದು ಅವಕ್ಕೆ 'ಜೋಡಿ' ಎಂದು ಹೆಸರಿಟ್ಟರು. ಅಲ್ಲಿಂದ ಮೇಲೆ ಇಡೀ ಗುಂಪಿಗೆ ಅವು ಜೋಡಿಯೇ ಆದವು.

ಒಂದು ಕುಟುಂಬವಿತ್ತು. ಅದರಲ್ಲಿ ತಲೆಮಾರುಗಳಿಂದ ಕೆಲವು ಮಕ್ಕಳು ಹೃದಯ ಪೂರ್ತಿ ಬೆಳೆಯದೆ ಹುಟ್ಟುತ್ತಿದ್ದರು. ಆ ಮನೆಯ ಒಬ್ಬ ತಂದೆ ತನ್ನ ಚರ್ಮದ ಚೂರು ಕೊಟ್ಟಿದ್ದ. ಪರೀಕ್ಷಿಸಿದಾಗ ಅವನ ಜೋಡಿಯಲ್ಲಿ ಒಂದು ಪ್ರೋಟೀನು ಒಂದೇ ಒಂದು ಕಡೆ ತುಸು ಬೇರೆಯಾಗಿತ್ತು. ಅದರಿಂದ ಹಿಡಿತ ಸಡಿಲ. ಆ ಕೋಶಗಳು ಡಿಶ್ಶಿನಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎನ್ನುವುದೇ ಮರಿ ಡಾಕ್ಟರಿನ ಪ್ರಯೋಗ. ಮೂರು ಡಿಶ್ ಆರೋಗ್ಯವಂತರದು, ಮೂರು ಡಿಶ್ ಸಡಿಲದ್ದು. ಸಡಿಲದ್ದು ಬಡಿಯುವುದಿಲ್ಲ ಎಂದು ಎಲ್ಲರ ಲೆಕ್ಕ.

ಆದರೆ ಬಡಿಯಿತು! ಹನ್ನೆರಡನೆಯ ದಿನ ಮೂರಕ್ಕೆ ಎರಡು ಡಿಶ್ಶುಗಳಲ್ಲಿ, ಮೆಲ್ಲಗೆ, ಬಿಟ್ಟು ಬಿಟ್ಟು, ಆದರೂ ಸ್ಪಷ್ಟವಾಗಿ. ಮರಿ ಡಾಕ್ಟರ್ ಕುಣಿದಾಡಿದಳು. ಹಿಡಿತ ಸಡಿಲವಾದರೂ ಈ ಕೋಶಗಳು ಹೃದಯವಾಗಬಲ್ಲವು ಎಂದರೆ ಅದು ಸಣ್ಣ ಮಾತಲ್ಲ. ವಿಡಿಯೊ ತೆಗೆದು, ಕೋಶಗಳಿಗೆ ಬಣ್ಣ ಹಾಕಿ ಫೋಟೊ ತೆಗೆದು, ರೂಢಿಯಂತೆ ಅವನ್ನು ಎಸೆದೂ ಆಯಿತು. ಒಂದು ದೊಡ್ಡ ಸಮ್ಮೇಳನದಲ್ಲಿ ನಿಂತು ಹೇಳಿಯೂ ಬಂದಳು.

ಎಲ್ಲರೂ ಹಿಗ್ಗಿದರು. ಗಡಿಯಾರಮ್ಮನೂ ಹಿಗ್ಗಿದರು. ಆದರೆ ಅವರ ಹಿಗ್ಗಿನಲ್ಲಿ, ಸದ್ಯ, ಏನೂ ಕೆಡಲಿಲ್ಲವಲ್ಲ ಎನ್ನುವ ನಿಟ್ಟುಸಿರೂ ಸೇರಿತ್ತು. ಅದು ಯಾಕೆಂದು ಅವರಿಗೊಬ್ಬರಿಗೇ ಗೊತ್ತಿತ್ತು.

ಆ ಪ್ರಯೋಗದ ಎರಡನೆಯ ಮದ್ದು ಬಿದ್ದದ್ದು ಒಂದು ಭಾನುವಾರ. ಬೆಳಗ್ಗೆ ಒಂಬತ್ತಕ್ಕೆ ಹಾಕಬೇಕಿತ್ತು. ಅದಕ್ಕೂ ಒಂದು ವಾರ ಮೊದಲಿನಿಂದ ಬಡಗಿ ಹೆಂಡತಿಯನ್ನು ಕಾಡುತ್ತಿದ್ದರು. ನದಿಯ ಆಚೆ ಅವರ ತಂಗಿ ಹೊಸ ಮನೆ ಕಟ್ಟಿಸಿದ್ದಳು, ಅದಕ್ಕೆ ಬಾಗಿಲು ಮಾಡಿಕೊಟ್ಟವರು ಇವರೇ. "ಮೂವತ್ತು ವರ್ಷದಲ್ಲಿ ನನ್ನ ಕೆಲಸ ಒಂದಿನ ಬಂದು ನೋಡಿದೀಯಾ? ಬೆಳಗಿನ ಮೊದಲ ದೋಣೀಲಿ ಹೋಗೋಣ, ಏಳೂವರೆ ದೋಣೀಲಿ ವಾಪಸ್. ಎಂಟೂ ಮುಕ್ಕಾಲಿಗೆ ನಿನ್ನ ಕೋಶಗಳ ಮುಂದೆ ನಿಂತಿರ್ತೀಯ." ಗಡಿಯಾರಮ್ಮ ಒಪ್ಪಿದರು. ಬಾಗಿಲು ನೋಡಿದರು, ಹಿಡಿ ಸವರಿದರು, ಚೆನ್ನಾಗಿದೆ ಎಂದರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ವಾಪಸ್ ಬರುವ ದೋಣಿಯ ಎಂಜಿನ್ ದಡದಲ್ಲೇ ಕೈಕೊಟ್ಟಿತು. ಈಗ ಸರಿಹೋಗುತ್ತದೆ, ಇನ್ನರ್ಧ ಗಂಟೆ ಎನ್ನುತ್ತಲೇ ಮಧ್ಯಾಹ್ನವಾಯಿತು, ಸಂಜೆಯೂ ಆಯಿತು. ಫೋನು ಕೈಯಲ್ಲೇ ಇತ್ತು. ಮರಿ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಅವಳು ಓಡಿ ಹೋಗಿ ಮದ್ದು ಹಾಕುತ್ತಿದ್ದಳು. ಆದರೆ 'ನನಗೆ ತಡವಾಗಿದೆ' ಎನ್ನುವ ಮಾತು ಇಪ್ಪತ್ತೇಳು ವರ್ಷದಲ್ಲಿ ಅವರ ಬಾಯಿಂದ ಬಂದೇ ಇರಲಿಲ್ಲ. ಈಗಲೂ ಜಪ್ಪಯ್ಯ ಎಂದರೂ ಬರಲಿಲ್ಲ. ಸಂಜೆ ಏಳಕ್ಕೆ ಕಟ್ಟಡ ಸೇರಿ, ಉಸಿರು ಕಟ್ಟಿ ಮೆಟ್ಟಿಲು ಹತ್ತಿ, ಎರಡನೆಯ ಮದ್ದು ಹಾಕಿದರು. ಹತ್ತು ಗಂಟೆ ತಡ.

ಪ್ರಯೋಗದ ದಾಖಲೆ ಪುಸ್ತಕದಲ್ಲಿ ಹೊತ್ತು ಬರೆಯೋಣವೆಂದು ತೆರೆದರೆ, ಅಲ್ಲಿ ಆಗಲೇ ಬರೆದಾಗಿತ್ತು: ಭಾನುವಾರ, ಒಂಬತ್ತು ಗಂಟೆ.

ಬರೆದವರು ಅವರೇ. ಇಡೀ ಕಥೆಯಲ್ಲಿ ನನಗೆ ಅಯ್ಯೋ ಅನ್ನಿಸುವುದು ಇಲ್ಲಿಯೇ. ಇಂಥ ತಪ್ಪು ಸೋಮಾರಿಗಳು ಮಾಡುವಂಥದ್ದಲ್ಲ. ಹೊತ್ತು ತಪ್ಪುವವರು ಬಂದ ಮೇಲೆ ಬರೆಯುತ್ತಾರೆ. ಎಂದೂ ತಪ್ಪದ ಗಡಿಯಾರಮ್ಮ, ಭಾನುವಾರ ಒಂಟಿ ಕೈಯಲ್ಲಿ ಕೆಲಸ ಬಹಳ ಎಂದು, ಭಾನುವಾರದ ಹೊತ್ತನ್ನು ಶನಿವಾರ ಸಂಜೆಯೇ ಬರೆದಿಟ್ಟು ಹೋಗುತ್ತಿದ್ದರು. ಎಷ್ಟೋ ವರ್ಷದಿಂದ ಹಾಗೆ. ಬರೆದದ್ದಕ್ಕೂ ಬಂದದ್ದಕ್ಕೂ ಒಂದು ನಿಮಿಷ ಹೆಚ್ಚುಕಮ್ಮಿ ಆದದ್ದಿಲ್ಲ. ಆವತ್ತು ಆಯಿತು. ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಹೊಡೆದು ಬರೆದರೆ ಎಲ್ಲರೂ ಕೇಳುತ್ತಾರೆ. ಬಿಟ್ಟರೆ ಯಾರೂ ಕೇಳುವುದಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ದೀಪ ಆರಿಸಿ ಮನೆಗೆ ಹೋದರು.

ಫಲಿತಾಂಶ ಒಂದು ಸಲ ಬಂದರೆ ಸಾಲದು, ಮತ್ತೆ ಬರಬೇಕು. ಅದು ಅಲ್ಲಿಯ ನೇಮ. ಮರಿ ಡಾಕ್ಟರ್ ಪ್ರಯೋಗವನ್ನು ಮತ್ತೆ ಮಾಡಿದಳು. ಸಡಿಲದ ಡಿಶ್ಶುಗಳು ತುಟಿ ಪಿಟಕ್ಕೆನ್ನಲಿಲ್ಲ. ಮೂರನೆಯ ಸಲ ಮಾಡಿದಳು, ಇಲ್ಲ. ನಾಲ್ಕನೆಯ ಸಲವೂ ಇಲ್ಲ. ಮೂರು ತಿಂಗಳು ಹೀಗೆ ಹೋಯಿತು. ಗಡಿಯಾರಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡರು. ಆ ಭಾನುವಾರದ ಅಳುಕು ಒಳಗಿತ್ತಲ್ಲ, ಎರಡನೆಯ ಮದ್ದಿನ ದಿನ ಎಂದಿಗಿಂತ ಹತ್ತು ನಿಮಿಷ ಮೊದಲೇ ಬಂದು ಮದ್ದು ಕೈಯಲ್ಲಿ ಹಿಡಿದು ಕೈಗಡಿಯಾರದ ಮುಳ್ಳು ಒಂಬತ್ತಕ್ಕೆ ತಾಗಲೆಂದು ಕಾಯುತ್ತಿದ್ದರು. ನಲವತ್ತೆಂಟು ಗಂಟೆಗೆ ಒಂದು ಕ್ಷಣ ಆಚೀಚೆ ಆಗಲು ಬಿಡಲಿಲ್ಲ. ಪಾಪ, ತಾವು ಎಷ್ಟು ನಿಷ್ಠೆಯಿಂದ ಪ್ರಯೋಗವನ್ನು ಕೆಡಿಸುತ್ತಿದ್ದೇವೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಒಂದು ಬುಧವಾರ ದೊಡ್ಡ ಮೇಡಂ ಎಲ್ಲರನ್ನೂ ಕೂರಿಸಿಕೊಂಡರು. ಗಡಿಯಾರಮ್ಮ ಹೊಸ ಡಿಶ್ಶುಗಳ ಪೆಟ್ಟಿಗೆಯನ್ನು ಕತ್ತರಿಯಿಂದ ಬಿಚ್ಚುತ್ತಾ ಅಲ್ಲೇ ಮೂಲೆಯಲ್ಲಿದ್ದರು.

"ಮೊದಲ ಸಲ ಸಡಿಲದ್ದು ಬಡೀತು" ಎಂದರು ಮೇಡಂ. "ಅದೇ ಸಲ ಆರೋಗ್ಯದ ಡಿಶ್‌ಗಳು ಎಂದಿಗಿಂತ ಮಂಕಾಗಿದ್ವು. ಆಗ ನಾವು ಅದನ್ನ ಗಮನಿಸಲಿಲ್ಲ. ಈಗ ಎರಡನ್ನೂ ಕೂಡಿಸಿ ನೋಡಿ. ನನಗೆ ಕಾಣೋದು ಒಂದೇ ದಾರಿ. ಡಿಶ್‌ಗಳು ಅದಲುಬದಲಾಗಿವೆ. ಚೀಟಿ ಅಂಟಿಸಿದ್ದು ನೀನು."

ಮರಿ ಡಾಕ್ಟರಿನ ಮುಖ ಬಿಳಿಚಿಕೊಂಡಿತು. "ಇಲ್ಲ ಮೇಡಂ. ಎರಡೆರಡು ಸಲ ನೋಡಿ ಅಂಟಿಸಿದೀನಿ."

"ಹಾಗಾದ್ರೆ ಮೊದಲ ಸಲ ಬೇರೆ ಏನಿತ್ತು, ಹೇಳು."

"ಏನೂ ಬೇರೆ ಇರಲಿಲ್ಲ. ಅದೇ ಕೋಶ, ಅದೇ ಮದ್ದು. ಹೊತ್ತು ಕೂಡ ಅದೇ. ಪುಸ್ತಕ ನೋಡಿ ಮೇಡಂ, ಅಮ್ಮ ಬರೆದಿದ್ದಾರೆ. ಒಂದು ನಿಮಿಷ ವ್ಯತ್ಯಾಸ ಇಲ್ಲ."

ಗಡಿಯಾರಮ್ಮನ ಕತ್ತರಿ ಕೈಯಲ್ಲೇ ನಿಂತಿತು. ಆ ಹುಡುಗಿ ತನ್ನನ್ನು ಉಳಿಸಿಕೊಳ್ಳಲು ಹಿಡಿದದ್ದು ಇವರ ಬರಹವನ್ನು, ಮತ್ತು ಅದೇ ಬರಹ ಅವಳನ್ನು ಮುಳುಗಿಸುತ್ತಿತ್ತು.

"ಶುಕ್ರವಾರ ಸಮ್ಮೇಳನದವರಿಗೆ ಪತ್ರ ಬರೀತೀನಿ, ಆ ಮಾತನ್ನ ವಾಪಸ್ ತಗೊಳ್ತೀವಿ ಅಂತ" ಎಂದರು ಮೇಡಂ. "ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ನಿನ್ನ ಪ್ರಬಂಧದ ವಿಷಯ ಆಮೇಲೆ ಮಾತಾಡೋಣ." ದನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು.

ಆಗಲೇ ಹೇಳಬಹುದಿತ್ತು. ಗಡಿಯಾರಮ್ಮ ಹೇಳಲಿಲ್ಲ. ಹೇಳಿದರೆ ಹೋಗುವುದು ಒಂದು ಭಾನುವಾರದ ಮಾನವಲ್ಲ. ಅಷ್ಟೂ ವರ್ಷದ ಪುಸ್ತಕಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಅವುಗಳಲ್ಲಿದ್ದ ಭಾನುವಾರಗಳಲ್ಲಿ ಬಹುಪಾಲನ್ನು ಶನಿವಾರವೇ ಬರೆದದ್ದು ಎಂದು ಗೊತ್ತಾದ ಮೇಲೆ ಅವನ್ನು ಯಾರು ನಂಬುತ್ತಾರೆ? ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಪದವಿ ಇಲ್ಲ, ಪತ್ರ ಇಲ್ಲ. ಹೋಗುವಾಗ ಬೆನ್ನ ಹಿಂದೆ ಉಳಿಯುವುದು ಆ ಪುಸ್ತಕಗಳಷ್ಟೇ.

ಮನೆಯಲ್ಲಿ ಬಡಗಿ ನೆರೆಯವರ ಕುರ್ಚಿಯೊಂದನ್ನು ನೆಲಕ್ಕೆ ಉರುಳಿಸಿಕೊಂಡು ಕೂತಿದ್ದರು. ಕಾಲಿನ ಕೂಡು ಸಡಿಲವಾಗಿ ಲೊಡಲೊಡ ಎನ್ನುತ್ತಿತ್ತು. ಅಂಟು ತುಂಬಿ, ಕಾಲು ಕೂರಿಸಿ, ಅಂಟು ಒಣಗುವ ತನಕ ಅಲುಗದಂತೆ ಶಿಕಂಜೆ ಬಿಗಿದರು.

"ಎಷ್ಟು ಹೊತ್ತು ಬಿಡ್ಬೇಕು ಅದನ್ನ?" ಎಂದು ಹೆಂಡತಿ ಕೇಳಿದರು. ಕೇಳಬೇಕೆಂದಲ್ಲ, ಮನಸ್ಸು ಬೇರೆಲ್ಲೋ ಇತ್ತು.

"ಬಿಗಿಯಾದ ಕೂಡು ಆಗಿದ್ರೆ ಸಂಜೆಗೆ ಬಿಚ್ತಿದ್ದೆ. ಇದು ಸಡಿಲ ನೋಡು, ಹಿಡ್ಕೊಳ್ಳೋಕೆ ಹೊತ್ತು ಜಾಸ್ತಿ ಬೇಕು. ಬೇಗ ಬಿಚ್ಚಿದ್ರೆ ಮತ್ತೆ ಕಳಚ್ಕೊಳತ್ತೆ."

ಗಡಿಯಾರಮ್ಮ ಕುರ್ಚಿಯ ಕಾಲಿಗೆ ಬಿಗಿದ ಶಿಕಂಜೆಯನ್ನು ಮುಟ್ಟಿ ನೋಡಿದರು. ಆಮೇಲೆ ಅಲ್ಲೇ ಮರದ ಪುಡಿಯ ನಡುವೆ ಕೂತು, ಆ ಭಾನುವಾರದಿಂದ ಇವತ್ತಿನವರೆಗೆ ಆದದ್ದನ್ನೆಲ್ಲ ಹೇಳಿ ಅತ್ತರು. ಬಡಗಿಗೆ ಪ್ರೋಟೀನುಗಳ ವಿಷಯ ತಲೆಗೆ ಹೋಗಲಿಲ್ಲ. ಭಾನುವಾರದ ದೋಣಿಯ ವಿಷಯ ಮಾತ್ರ ಚೆನ್ನಾಗಿ ಹೋಯಿತು.

"ನನ್ನಿಂದ ಆಯ್ತಲ್ವೇನೇ? ನಾನು ಬಾ ಅಂತ ಕರೀದಿದ್ರೆ..."

"ರೀ, ದೋಣಿ ಕೆಟ್ಟಿದ್ದಕ್ಕೆ ಯಾರು ಏನ್ಮಾಡ್ತಾರೆ? ಪೆನ್ನು ಜೇಬಿಗೆ ಹಾಕ್ಕೊಂಡಿದ್ದು ನಾನು."

"ಹೇಳ್ಬಿಡು ಹಾಗಾದ್ರೆ."

"ನೀವು ಹೇಳೋದು ಸುಲಭ."

"ಸುಲಭ ಅಂತ ನಾನು ಎಲ್ಲಿ ಅಂದೆ?" ಎಂದರು ಬಡಗಿ.

ಗುರುವಾರ ಬೆಳಗ್ಗೆ ಗಡಿಯಾರಮ್ಮ ಎದೆ ಗಟ್ಟಿ ಮಾಡಿಕೊಂಡು, ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಮೇಡಂ ಕೋಣೆಗೆ ಹೋದರು. ಮರಿ ಡಾಕ್ಟರ್ ಅಲ್ಲೇ ಇದ್ದಳು, ತನ್ನ ಕಾಗದಗಳನ್ನು ಒಪ್ಪಿಸಲು ಬಂದಿದ್ದಳು. ಕಣ್ಣು ಊದಿಕೊಂಡಿದ್ದವು. ಗಡಿಯಾರಮ್ಮ ಪುಟ ತೆರೆದು ಮೇಜಿನ ಮೇಲಿಟ್ಟು, ಆ ಒಂಬತ್ತು ಗಂಟೆಯ ಮೇಲೆ ಒಂದು ಗೆರೆ ಎಳೆದರು. ಒಂದೇ ಗೆರೆ. ಹೊಡೆದ ಬರಹ ಓದಲು ಸಿಗಬೇಕು, ಅದು ಆ ಪುಸ್ತಕಗಳ ನಿಯಮ. ಪಕ್ಕದಲ್ಲಿ 'ಸಂಜೆ ಏಳು' ಎಂದು ಬರೆದು, ಇವತ್ತಿನ ತಾರೀಕು ಹಾಕಿ, ಸಹಿ ಮಾಡಿದರು. ಆಮೇಲೆ ಬಾಯಿ ತೆರೆದರು. ಶನಿವಾರದ ರೂಢಿಯನ್ನೂ ಬಿಡದೆ ಹೇಳಿದರು.

ಮೇಡಂ ಹಿಂದಿನ ಪುಟಗಳನ್ನು ತಿರುವಿ, ಒಂದೊಂದು ಭಾನುವಾರದ ಮೇಲೂ ಬೆರಳಿಟ್ಟರು.

"ಅಂದ್ರೆ ಎಲ್ಲಾ ಭಾನುವಾರನೂ?"

"ಬರೆದಿದ್ದು ಹೆಚ್ಚುಕಮ್ಮಿ ಎಲ್ಲಾ ಮೊದಲೇ, ಮೇಡಂ. ತಪ್ಪಿದ್ದು ಮಾತ್ರ ಅದೊಂದೇ."

"ಅದನ್ನ ನಾನು ಹೇಗೆ ನಂಬಲಿ?"

ಇಡೀ ಜೀವನದಲ್ಲಿ ಗಡಿಯಾರಮ್ಮನಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆದರೂ ಬಂದ ಕೆಲಸ ಇನ್ನೂ ಅರ್ಧ ಉಳಿದಿತ್ತು. "ಮೇಡಂ, ನಾನು ಓದಿದವಳಲ್ಲ, ತಪ್ಪಿದ್ರೆ ಬೈರಿ. ಜೋಡಿ ಹಿಡಿತ ಸಡಿಲ ಅಂತೀರಲ್ಲ. ಸಡಿಲ ಇದ್ರೆ ಹಿಡ್ಕೊಳ್ಳೋಕೆ ಹೊತ್ತು ಜಾಸ್ತಿ ಬೇಕಾಗಬಹುದಲ್ವಾ? ನಲವತ್ತೆಂಟು ಗಂಟೆಗೆ ನಾವು ಎರಡನೇ ಮದ್ದು ಹಾಕಿಬಿಟ್ರೆ ಅವು ಇನ್ನೂ ಕೂಡಿರೋದೇ ಇಲ್ಲ. ಅವತ್ತು ಹತ್ತು ಗಂಟೆ ಜಾಸ್ತಿ ಸಿಕ್ತು. ಆರೋಗ್ಯದವಕ್ಕೆ ಅದು ಅತಿಯಾಗಿ ಮಂಕಾದ್ವು. ಇವಕ್ಕೆ ಸರಿಹೋಯ್ತು."

ಮೇಡಂ ತಲೆಯೆತ್ತಿದರು. ಮರಿ ಡಾಕ್ಟರೂ ತಲೆಯೆತ್ತಿದಳು. ಮೇಡಂ ಹೇಳಿದ್ದು ಇಷ್ಟು. "ಪತ್ರ ಸದ್ಯಕ್ಕೆ ನಿಲ್ಲಲಿ. ನಲವತ್ತೆಂಟಕ್ಕೆ ಒಂದು ಸಾಲು, ಐವತ್ತೆಂಟಕ್ಕೆ ಒಂದು ಸಾಲು, ಎರಡೂ ಬಗೆ ಕೋಶ, ಹನ್ನೆರಡು ಡಿಶ್. ನಾಳೆಯೇ ಶುರು ಮಾಡಿ. ಮತ್ತೆ ಗಡಿಯಾರಮ್ಮ, ಇನ್ಮುಂದೆ ನೀವು ಬರೆದ ಪ್ರತಿ ಸಾಲಿಗೂ ಪಕ್ಕದಲ್ಲಿ ಇನ್ನೊಬ್ಬರ ಸಹಿ ಇರ್ಬೇಕು. ಕಣ್ಣಾರೆ ನೋಡಿದವರ ಸಹಿ."

"ಆಗಲಿ ಮೇಡಂ" ಎಂದರು ಗಡಿಯಾರಮ್ಮ.

ಹೊರಗೆ ಬಂದಾಗ ಮರಿ ಡಾಕ್ಟರ್ ಅವರನ್ನು ತಡೆದು ನಿಲ್ಲಿಸಿದಳು. ಅವಳು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದರೆ ನಿಮ್ಮ ಲೆಕ್ಕ ತಪ್ಪಿತು. "ಮೂರು ತಿಂಗಳು, ಅಮ್ಮ. ಮೂರು ತಿಂಗಳು ನನ್ನ ತಲೆ ಸರಿ ಇದೆಯಾ ಅಂತ ನನ್ನನ್ನೇ ಅನುಮಾನಿಸ್ದೆ. ನೀವು ದಿನಾ ಪಕ್ಕದಲ್ಲೇ ಇದ್ರಿ" ಎಂದು ಹೇಳಿ ಸರಸರ ಹೊರಟುಹೋದಳು. ಮುಂದಿನ ಎಷ್ಟೋ ದಿನ ಅವಳು ಊಟದ ಡಬ್ಬಿಯ ಹತ್ತಿರ ಸುಳಿಯಲಿಲ್ಲ. ಗಡಿಯಾರಮ್ಮ ಮಾತ್ರ ಇಬ್ಬರಿಗಾಗುವಷ್ಟು ತುಂಬಿಕೊಂಡು ಬರುವುದನ್ನು ಬಿಡಲಿಲ್ಲ, ಅರ್ಧ ಹಾಗೆಯೇ ವಾಪಸ್ ಹೋಗುತ್ತಿತ್ತು.

ಸಹಿಯ ಕೆಲಸವಂತೂ ಮುಳ್ಳಿನ ಮೇಲೆ ನಡೆದ ಹಾಗಿತ್ತು. ಒಂದು ಹನಿ ಮದ್ದು ಹಾಕಿದರೂ ಯಾರನ್ನಾದರೂ ಕರೆಯಬೇಕು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು, ತಾವೇ ಪಿಪೆಟ್ ಹಿಡಿಯಲು ಕಲಿಸಿದವರು ಬಂದು, ಕೈಗಡಿಯಾರ ನೋಡಿ, ಇವರ ಬರಹ ನೋಡಿ, ಸಂಕೋಚದಿಂದ ಕೆಳಗೊಂದು ಗೀಚು ಗೀಚುತ್ತಿದ್ದರು. ಗಡಿಯಾರಮ್ಮ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ. ಐವತ್ತೆಂಟನೆಯ ಗಂಟೆಯ ಮದ್ದು ಹಾಕುವಾಗ ಮೇಡಂ ತಾವೇ ಬಂದು ಪಕ್ಕದಲ್ಲಿ ನಿಂತಿದ್ದರು.

ಹತ್ತನೆಯ ದಿನ ಆರೋಗ್ಯದ ಡಿಶ್ಶುಗಳು ನಲವತ್ತೆಂಟರ ಸಾಲಿನಲ್ಲಿ ಚೆನ್ನಾಗಿ ಬಡಿದವು, ಐವತ್ತೆಂಟರ ಸಾಲಿನಲ್ಲಿ ಮಂಕಾಗಿ. ಅದನ್ನು ಕಂಡು ಮರಿ ಡಾಕ್ಟರಿನ ಮುಖ ತುಸು ಅರಳಿತು, ಗಡಿಯಾರಮ್ಮನ ಊಹೆಯಲ್ಲಿ ಅರ್ಧ ನಿಜವಾಗಿತ್ತು. ಸಡಿಲದ್ದು ಮಾತ್ರ ಎರಡು ಸಾಲಿನಲ್ಲೂ ಸುಮ್ಮನೆ ಮಲಗಿತ್ತು. ಹನ್ನೊಂದನೆಯ ದಿನವೂ ಹಾಗೆಯೇ. ಆ ಸಂಜೆ ಮರಿ ಡಾಕ್ಟರ್ ಕುರ್ಚಿಯಿಂದ ಏಳದೆ ಬಹಳ ಹೊತ್ತು ಕೂತಿದ್ದಳು. ಗಡಿಯಾರಮ್ಮ ಏನಾದರೂ ಹೇಳೋಣವೆಂದು ಹತ್ತಿರ ಹೋಗಿ, ಅವಳ ಮುಂದಿದ್ದ ಖಾಲಿ ಲೋಟ ಎತ್ತಿಕೊಂಡು ಬಂದರು.

ಹನ್ನೆರಡನೆಯ ದಿನ ಬೆಳಗ್ಗೆ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಆಹಾರ ಹಾಕುವ ಮೊದಲು ಒಂದೊಂದೇ ಡಿಶ್ಶನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾ ಬಂದರು. ಸಡಿಲದ್ದು, ಐವತ್ತೆಂಟರ ಸಾಲು, ಎರಡನೆಯ ಡಿಶ್. ಒಂದು ಅಂಚಿನಲ್ಲಿ ಏನೋ ಮಿಸುಕಿದ ಹಾಗಾಯಿತು. ತಮ್ಮದೇ ರೆಪ್ಪೆ ಇರಬೇಕು ಎಂದು ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಮತ್ತೆ ಮಿಸುಕಿತು. ನಿಂತಿತು. ಇನ್ನೊಮ್ಮೆ. ಆಮೇಲೆ ಪಕ್ಕದ ಗುಂಪೂ ಅದರ ಜೊತೆ ಸೇರಿಕೊಂಡಿತು.

ಓಡಿ ಹೋಗಿ, ಪಕ್ಕದ ಕೋಣೆಯಲ್ಲಿದ್ದ ಮರಿ ಡಾಕ್ಟರಿನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ಅವಳು ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ಕಣ್ಣು ತೆಗೆಯದೆಯೇ ಒಂದು ಕೈ ಹಿಂದಕ್ಕೆ ಚಾಚಿ ಗಡಿಯಾರಮ್ಮನ ಕೋಟಿನ ತೋಳನ್ನು ಹಿಡಿದುಕೊಂಡಳು. ಮುದ್ದೆಯಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮ, ಬಡೀತಿದೆ."

"ಹೌದು ಮಗಾ."

ಮೂರನೆಯ ಡಿಶ್ಶಿನಲ್ಲೂ ಎರಡು ಕಡೆ ಬಡಿಯುತ್ತಿತ್ತು. ನಲವತ್ತೆಂಟರ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಸುದ್ದಿ ತಿಳಿದು ಮೇಡಂ ಬಂದರು, ಕೂತರು, ಹನ್ನೆರಡು ಡಿಶ್ಶುಗಳನ್ನೂ ಒಂದೊಂದಾಗಿ ನೋಡಿದರು. "ಇದು ಇನ್ನೂ ಎರಡು ಸಲ ಬರ್ಬೇಕು" ಎಂದರು. "ಇದು ಔಷಧ ಅಲ್ಲ. ಆ ಮನೆಯವರಿಗೆ ಈಗಲೇ ಏನೂ ಹೇಳೋ ಹಾಗಿಲ್ಲ." ಇಷ್ಟೆಲ್ಲ ಗಂಭೀರವಾಗಿ ಹೇಳಿ ಮತ್ತೆ ಬಗ್ಗಿ ಎರಡನೆಯ ಡಿಶ್ಶನ್ನೇ ನೋಡುತ್ತಾ ಕೂತರು. ಅವರ ಕಿವಿಯ ತನಕ ನಗು ಹಬ್ಬಿದ್ದು ಪಕ್ಕದಿಂದ ಕಾಣುತ್ತಿತ್ತು.

ಗಡಿಯಾರಮ್ಮ ಪುಸ್ತಕ ತಂದು ಬರೆದರು. ಹನ್ನೆರಡನೆಯ ದಿನ, ಸಡಿಲ, ಐವತ್ತೆಂಟರ ಸಾಲು, ಎರಡನೆಯ ಡಿಶ್, ಬಡಿತ ಮೊದಲು ಕಂಡದ್ದು ಒಂಬತ್ತು ಗಂಟೆ ಹನ್ನೆರಡು ನಿಮಿಷ. ಬರೆದು, ಈಗಿನ ರೂಢಿಯಂತೆ ಪುಸ್ತಕವನ್ನು ತಿರುಗಿಸಿ, ಪಕ್ಕದ ಸಹಿಗೆಂದು ಪೆನ್ನನ್ನು ಮೇಡಂ ಕಡೆ ಚಾಚಿದರು.

ಮೇಡಂ ಸಾಲನ್ನು ಓದಿದರು. ಪೆನ್ನು ತೆಗೆದುಕೊಳ್ಳಲಿಲ್ಲ. "ನಾನು ಬಂದಿದ್ದು ಒಂಬತ್ತೂವರೆಗೆ. ಒಂಬತ್ತು ಹನ್ನೆರಡಕ್ಕೆ ಇಲ್ಲಿ ನೀವು ಬಿಟ್ರೆ ಯಾರೂ ಇರಲಿಲ್ಲ. ಇದಕ್ಕೆ ನಾನು ಹೇಗೆ ಸಹಿ ಹಾಕಲ್ರೀ?"

ಗಡಿಯಾರಮ್ಮನ ಮುಖ ಸಪ್ಪಗಾಯಿತು. "ತಪ್ಪಾಯ್ತು ಮೇಡಂ. ಯಾರನ್ನಾದ್ರೂ ಕರೆದು ತೋರಿಸಿ ಆಮೇಲೆ ಹೊತ್ತು ನೋಡ್ಬೇಕಿತ್ತು. ಒಂಬತ್ತೂ ಕಾಲು ಅಂತ ಹಾಕ್ಲಾ? ಆಗ ಇವಳು ಬಂದಿದ್ಲು."

"ನೀವು ನೋಡಿದ್ದು ಎಷ್ಟು ಹೊತ್ತಿಗೆ?"

"ಒಂಬತ್ತು ಹನ್ನೆರಡಕ್ಕೆ."

"ಮತ್ತೆ ಅದೇ ಇರಲಿ" ಎಂದರು ಮೇಡಂ. ಪುಸ್ತಕವನ್ನು ಮೆಲ್ಲಗೆ ಗಡಿಯಾರಮ್ಮನ ಕಡೆಗೇ ತಿರುಗಿಸಿದರು. "ನೀವು ನೋಡಿದ್ದೀರಿ, ನೀವೇ ಸಹಿ ಹಾಕಿ. ಸಾಕು. ಇನ್ಮೇಲೂ ಅಷ್ಟೇ ಸಾಕು."

ಗಡಿಯಾರಮ್ಮ ಸಹಿ ಹಾಕಿದರು. ಆಮೇಲೆ ಅಳು ತಡೆಯಲಾಗಲಿಲ್ಲ, ಅತ್ತರು. ಮರಿ ಡಾಕ್ಟರ್ ಅವರ ಬೆನ್ನು ಸವರುತ್ತಾ ನಿಂತಳು. ಉಳಿದ ಡಿಶ್ಶುಗಳಿಗೆ ಇನ್ನೂ ಆಹಾರ ಹಾಕುವುದಿತ್ತು. ಕಣ್ಣೊರೆಸಿಕೊಂಡು, ಕೈತೊಳೆದುಕೊಂಡು, ಮತ್ತೆ ಅವುಗಳ ಮುಂದೆ ಕೂತರು.